ಲೋ ವೋಲ್ಟೇಜಿನ ಬೀಗರೂಟ

ನಂಜನಗೂಡಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಶೀಟು ಹೊದಿಸಿದ ಒಂದೇ ಕೋಣೆಯ ಅಂಗಡಿಯಲ್ಲಿ ಕೂತು ಯಶೋಧರಾ ಊರವರ ಮದುವೆಗಳನ್ನೆಲ್ಲ ಎರಡನೇ ಸಲ ಮಾಡಿಸುತ್ತಾಳೆ. ಬೋರ್ಡಿನ ಮೇಲೆ 'ವಿಡಿಯೊ ಮಿಕ್ಸಿಂಗ್' ಎಂದಿದೆ. ಕ್ಯಾಮೆರಾದವರು ತಂದು ಸುರಿದ ಗಂಟೆಗಟ್ಟಲೆ ಚಿತ್ರಣವನ್ನು ಕತ್ತರಿಸಿ, ಜೋಡಿಸಿ, ಹಾಡು ಸೇರಿಸಿ, ಹೂವು ಉದುರಿಸಿ ಒಂದು ಸಿನಿಮಾ ಮಾಡಿಕೊಡುವುದು ಅವಳ ಕಸುಬು. ಧಾರೆಯ ಹೊತ್ತಿನಲ್ಲಿ ಮುಖ ಗಂಟಿಕ್ಕಿಕೊಂಡಿದ್ದ ಗಂಡೂ ಅವಳ ವಿಡಿಯೊದಲ್ಲಿ ನಗುತ್ತಿರುತ್ತಾನೆ. ಅವನು ಎಲ್ಲೋ ಒಂದು ಕಡೆ, ಯಾರೋ ಸ್ನೇಹಿತ ಕಿವಿಯಲ್ಲಿ ಏನೋ ಹೇಳಿದಾಗ, ಒಂದು ಗಳಿಗೆ ನಕ್ಕಿರುತ್ತಾನೆ. ಆ ಗಳಿಗೆಯನ್ನು ಹುಡುಕಿ ತರುವುದರಲ್ಲಿ ಅವಳನ್ನು ಮೀರಿಸುವವರು ಎರಡು ತಾಲ್ಲೂಕಿನಲ್ಲಿ ಇಲ್ಲ.

ಈ ಕಸುಬಿಗೆ ಒಂದು ಕಟ್ಟಲೆಯಿದೆ. ಯಾರನ್ನೂ ಬಿಡಕೂಡದು. ನಮ್ಮ ಕಡೆ ಮದುವೆಯಾದ ಎರಡು ಮೂರು ದಿನಕ್ಕೆ ಬೀಗರೂಟ, ಅಂದರೆ ಎರಡೂ ಕಡೆಯ ನೆಂಟರು ಮತ್ತೆ ಸೇರಿ ಬಾಡೂಟ ಉಣ್ಣುವುದು. ಈಗೀಗ ಪೆಂಡಾಲಿನಲ್ಲಿ ದೊಡ್ಡ ಟಿವಿ ಇಟ್ಟು ಮದುವೆಯ ವಿಡಿಯೊ ಹಾಕುವುದೂ ಊಟದ ಒಂದು ಭಾಗವೇ ಆಗಿದೆ. ಎಲೆಯ ಮುಂದೆ ಕೂತವರ ಒಂದು ಕಣ್ಣು ಮುದ್ದೆಯ ಮೇಲೆ, ಇನ್ನೊಂದು ಕಣ್ಣು ಟಿವಿಯ ಮೇಲೆ. ತನ್ನ ಮುಖ ಬಂತೇ, ಬಂದರೆ ಎಷ್ಟು ಹೊತ್ತು ಇತ್ತು, ಪಕ್ಕದ ಮನೆಯವಳಿಗಿಂತ ಹೆಚ್ಚೋ ಕಡಿಮೆಯೋ, ಎಲ್ಲ ಲೆಕ್ಕವೂ ಅಲ್ಲೇ ಆಗಿಬಿಡುತ್ತದೆ. ಬಿಟ್ಟುಹೋದವರು ಮರೆಯುವುದಿಲ್ಲ.

ಇದನ್ನು ಯಶೋಧರಾಳಿಗೆ ಕಲಿಸಿದ್ದು ಅವಳದೇ ಮದುವೆ. ಅವಳ ತವರು ತಿ. ನರಸೀಪುರ ತಾಲ್ಲೂಕಿನಲ್ಲಿ, ಸೋಮನಾಥಪುರದ ಪಕ್ಕದ ಒಂದು ಹಳ್ಳಿ. ಅಪ್ಪ ಕೃಷ್ಣ, ಕಾಲುವೆ ನೀರು ಬರುವಾಗ ಭತ್ತ, ಬರದಿರುವಾಗ ಪಂಪ್‌ಸೆಟ್ಟಿನ ನೀರಲ್ಲಿ ತರಕಾರಿ ಬೆಳೆಯುವ ಸಣ್ಣ ರೈತ. ಅವ್ವ ಮರಿತಾಯಮ್ಮ. ಹತ್ತು ವರ್ಷದ ಹಿಂದೆ ಬುದ್ಧ, ಅಂಬೇಡ್ಕರ್ ಪಟಗಳ ಮುಂದೆ ಪಂಚಶೀಲ ಹೇಳಿ ನಡೆದ ಮದುವೆ ಅದು. ಪುರೋಹಿತರನ್ನು ಬಿಟ್ಟರೂ ಆ ಮನೆಯವರು ಸೋದರಮಾವನನ್ನು ಬಿಟ್ಟಿರಲಿಲ್ಲ. ಮದುಮಗಳ ಕೈ ಹಿಡಿದು ವೇದಿಕೆಗೆ ಕರೆತರುವವನು ಅವನೇ. ಹಾಗೆ ಯಶೋಧರಾಳನ್ನು ಕರೆತಂದವನು ಕಳಲೆಯ ಚಿಕ್ಕಮಾದು, ಮರಿತಾಯಮ್ಮನ ತಮ್ಮ.

ಅಂದು ಬೆಳಿಗ್ಗೆ ಚಿಕ್ಕಮಾದುವಿಗೂ ಕೃಷ್ಣನಿಗೂ ಒಂದು ಮಾತಿನ ಚಕಮಕಿ ಆಗಿತ್ತು. ಗಂಡಿನ ಕಡೆಯವರು ಬಂದಿಳಿದ ಕೂಡಲೇ ಮೊದಲು ಕಾಫಿ ಕೊಡಬೇಕೋ, ಮೊದಲು ತಿಂಡಿಗೆ ಕೂರಿಸಬೇಕೋ ಎಂಬ ವಿಷಯ. ಇಬ್ಬರೂ ಮದುವೆ ಮನೆಯ ಉರಿಯಲ್ಲಿ ನಾಲ್ಕು ಮಾತು ಹೆಚ್ಚಿಗೆ ಆಡಿದರು, ಅಷ್ಟಕ್ಕೇ ಮುಗಿಯಿತು. ಆದರೆ ಬೀಗರೂಟದ ದಿನ ವಿಡಿಯೊ ಹಾಕಿದಾಗ, ಮದುಮಗಳು ಕೋಣೆಯಿಂದ ಹೊರಗೆ ಕಾಲಿಡುತ್ತಿದ್ದಳು; ಕಣ್ಣು ಮಿಟುಕಿಸುವಷ್ಟರಲ್ಲಿ ವೇದಿಕೆಯ ಮೇಲೆ ಇದ್ದಳು. ನಡುವೆ ಮಾವನೇ ಇಲ್ಲ. ಪಂಕ್ತಿಯಲ್ಲಿ ಯಾರೋ ಬಾಯಿಬಡುಕ, "ಚಿಕ್ಕಮಾದು ಊಟಕ್ಮಾತ್ರ ಬಂದಿದ್ನೇನೋ" ಅಂದುಬಿಟ್ಟ. ಚಿಕ್ಕಮಾದು ಅರ್ಧ ಉಂಡ ಎಲೆಯಿಂದ ಎದ್ದು ಕೈ ತೊಳೆದು ನಡೆದ. ಬೆಳಗಿನ ಜಗಳಕ್ಕೆ ಭಾವನೇ ಹೇಳಿ ಕತ್ತರಿ ಹಾಕಿಸಿದ್ದಾನೆ ಎಂದು ಅವನ ಮನಸ್ಸಿನಲ್ಲಿ ಕೂತುಹೋಯಿತು. ಆಮೇಲೆ ಅಕ್ಕನ ಮನೆಯ ಹೊಸಿಲು ತುಳಿಯಲಿಲ್ಲ.

ಯಶೋಧರಾಳ ಗಂಡ ಪ್ರೇಮ್‌ಕುಮಾರ್ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರ ದುರಸ್ತಿಯ ಕೆಲಸದವನು. ಮದುವೆಯ ವಿಡಿಯೊ ಮಾಡಿದ್ದು ಅವನ ಕಡೆಯವರು ಗೊತ್ತುಮಾಡಿದ್ದ ನಂಜನಗೂಡಿನ ಶಿವಮೂರ್ತಿ ಎಂಬವನ ಸ್ಟುಡಿಯೊ. ಕೈಗೆ ಹಚ್ಚಿದ ಮೆಹೆಂದಿ ಇನ್ನೂ ಮಾಸಿರದ ಹುಡುಗಿ ಒಂದು ದಿನ ಆ ಸ್ಟುಡಿಯೊಗೆ ನುಗ್ಗಿ ತನ್ನ ಸೋದರಮಾವನನ್ನು ಏನು ಮಾಡಿದಿರಿ ಎಂದು ಕೇಳಿದಳು. ಶಿವಮೂರ್ತಿ ಸುಳ್ಳು ಹೇಳುವ ಜಾಯಮಾನದವನಲ್ಲ. ಕಂಪ್ಯೂಟರ್ ಬಿಸಿಯಾಗಿ ಅದೇ ಜಾಗದಲ್ಲಿ ಪದೇ ಪದೇ ಆಫ್ ಆಗುತ್ತಿತ್ತು, ಬೀಗರೂಟಕ್ಕೆ ಹೊತ್ತಾಗುತ್ತಿತ್ತು, ಆ ತುಣುಕು ತೆಗೆದು ಮುಂದಕ್ಕೆ ಹೋದೆ ಎಂದ. ಮೂಲ ಚಿತ್ರಣ ಇದ್ದ ಕಾರ್ಡು ಆಗಲೇ ಅಳಿಸಿಕೊಂಡು ಇನ್ನೊಂದು ಮದುವೆಗೆ ಹೋಗಿತ್ತು. ಯಶೋಧರಾ ಅವನಿಗೆ ಹೇಗೆ ಉಗಿದಳೆಂದರೆ, ಅವನು ಕೊನೆಗೆ, "ಇಷ್ಟು ಗೊತ್ತಿದ್ರೆ ನೀನೇ ಬಂದು ಮಾಡಮ್ಮ" ಎಂದ. ಅವಳು ಮಾರನೆಯ ದಿನವೇ ಬಂದು ಕೂತಳು. ಅಲ್ಲಿ ಕೆಲಸ ಕಲಿತು, ಆಮೇಲೆ ಅವನ ಒಪ್ಪಿಗೆಯಿಂದಲೇ ತನ್ನ ಅಂಗಡಿ ಮಾಡಿಕೊಂಡಳು.

ನಿಜ ಸಂಗತಿ ತಿಳಿದ ಮೇಲೆ ಮಾವನಿಗೆ ಹೇಳಲು ಕಳಲೆಗೂ ಹೋಗಿದ್ದಳು. ಚಿಕ್ಕಮಾದು ಪೂರ್ತಿ ಕೇಳಿಸಿಕೊಂಡ. "ಬಿಸಿಯಾಯ್ತು ಅಂತೀಯ. ಬಿಸಿಯಾದ್ರೆ ಎಲ್ರುನೂ ಮರೀಬೇಕಲ್ವವ್ವ. ನನ್ನೊಬ್ಬುನ್ನೇ ಯಾಕ್ ಮರೀತು ಆ ಮಿಷಿನ್ನು?" ಎಂದ.

ಹೀಗಿರುವಾಗ ಈ ಬೇಸಿಗೆಯಲ್ಲಿ ತಂಗಿ ಬಿಂದುಶ್ರೀಯ ಮದುವೆ ಬಂತು. ಮರಿತಾಯಮ್ಮ ತಮ್ಮನ ಜಗಲಿಯಲ್ಲಿ ಹೋಗಿ ಕೂತುಬಿಟ್ಟಳು, ನೀನು ಬರುತ್ತೇನೆ ಅನ್ನುವವರೆಗೆ ಏಳುವುದಿಲ್ಲ ಎಂದು. ಅವನು ಬಂದ. ಹೊಸ ಪಂಚೆ ಉಟ್ಟು, ಸೊಸೆಯ ಕೈ ಹಿಡಿದು, ಯಾರ ಮುಖವನ್ನೂ ನೋಡದೆ ವೇದಿಕೆಗೆ ಕರೆತಂದ. ಊಟಕ್ಕೆ ಕೂರದೆ ಹೊರಟ. ಹೊರಡುವಾಗ ಅಕ್ಕನಿಗೆ ಹೇಳಿದ್ದಿಷ್ಟು: "ಬುಧವಾರ ಬೀಗರೂಟಕ್ಕೆ ಬತ್ತೀನಿ. ಟಿವೀಲಿ ನಾನಿದ್ರೆ ಎಲೆ ಮುಟ್ತೀನಿ. ಇಲ್ದಿದ್ರೆ ಎದ್ದು ಓಯ್ತೀನಿ, ಇನ್ ಈ ಊರಿನ್ ದಾರಿ ಕೇಳಾಕಿಲ್ಲ." ಮಿಕ್ಸಿಂಗ್ ಮಾಡುವವಳು ಯಶೋಧರಾ ಎಂಬುದು ಅವನಿಗೆ ಗೊತ್ತಿತ್ತು. ಅವಳಿಗೂ ಆ ಮಾತು ಯಾರಿಗೆ ಹೇಳಿದ್ದೆಂದು ಗೊತ್ತಾಯಿತು.

ಭಾನುವಾರ ಮದುವೆ, ಸೋಮವಾರ ಬೆಳಿಗ್ಗೆಯೇ ಅವಳು ಲ್ಯಾಪ್‌ಟಾಪಿನ ಮುಂದೆ ಕೂತಳು. ಮಾವನ ತುಣುಕನ್ನು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡಳು. ನಿಧಾನಗತಿ ಹಾಕಿದಳು. ಮೇಲಿಂದ ಮಲ್ಲಿಗೆ ಸುರಿಸಿದಳು. ಬಣ್ಣ ತಿದ್ದಿದಳು, ಹಿನ್ನೆಲೆ ಮಸುಕು ಮಾಡಿ ಮಾವನ ಮುಖ ಎದ್ದುಕಾಣುವಂತೆ ಮಾಡಿದಳು. ಹತ್ತು ವರ್ಷದ ಪ್ರೀತಿಯನ್ನೆಲ್ಲ ಆ ಎರಡು ನಿಮಿಷದೊಳಗೆ ತುಂಬಿದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಒಟ್ಟು ಸೇರಿಸಿ ಕೊನೆಯ ಫೈಲು ತೆಗೆಯಲು ಲ್ಯಾಪ್‌ಟಾಪಿಗೆ ಕೊಟ್ಟಳು. ಅರಿಸಿನದ ಶಾಸ್ತ್ರ ಮುಗಿಯಿತು, ಬಳೆ ಶಾಸ್ತ್ರ ಮುಗಿಯಿತು, ಮಾವ ಬಾಗಿಲಲ್ಲಿ ಕಾಣಿಸಿಕೊಂಡ. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಅರಚಿ, ಪರದೆ ಕಪ್ಪಾಯಿತು.

ಇನ್ನೊಂದು ಸಲ ಕೊಟ್ಟಳು. ಮತ್ತೆ ಮಾವನ ಹತ್ತಿರವೇ ಆಫ್. ಮೇಲೆ ಕಾದ ಶೀಟು, ಒಳಗೆ ಕಾದ ಲ್ಯಾಪ್‌ಟಾಪು, ನಡುವೆ ಅವಳು. ಫ್ಯಾನಿನ ಧೂಳು ತೆಗೆಸಿ, ಪ್ರೊಸೆಸರ್ ಚಿಪ್ಪಿನ ಮೇಲೆ ಶಾಖ ದಾಟಿಸಲು ಹಚ್ಚುವ ಪೇಸ್ಟು ಬದಲಾಯಿಸಿ ತಿಂಗಳೂ ಆಗಿರಲಿಲ್ಲ. ಬೇರೆ ಸ್ಟುಡಿಯೊಗಳಿಗೆ ಫೋನು ಮಾಡಿದಳು. ಮದುವೆಯ ಕಾಲ, ಎಲ್ಲರ ಯಂತ್ರದ ಮುಂದೆಯೂ ಸಾಲು ನಿಂತಿತ್ತು. ಶಿವಮೂರ್ತಿಯೇ, "ಮಾವನ ಮೇಲಿನ ಹೂವೆಲ್ಲ ತೆಗೆದ್ಬಿಡು, ಹೊರೆ ಕಮ್ಮಿಯಾಗ್ತದೆ" ಅಂದ. ಬೀಗರ ಕಡೆಯ ಚಿಳ್ಳೆಪಿಳ್ಳೆಗಳಿಗೆಲ್ಲ ಹೂವು ಸುರಿಸಿ ಮಾವನೊಬ್ಬನನ್ನು ಬೋಳಾಗಿ ನಿಲ್ಲಿಸಿದರೆ ಪಂಕ್ತಿಯಲ್ಲಿ ಕೂತವರು ಏನನ್ನುತ್ತಾರೆಂದು ಅವನಿಗೆ ಹೇಗೆ ಗೊತ್ತಾಗಬೇಕು.

ಆಗ ಅವಳಿಗೆ ತಾನು ಎಂದೋ ನೋಡಿ ಪಕ್ಕಕ್ಕಿಟ್ಟಿದ್ದ ಒಂದು ವಿಷಯ ನೆನಪಾಯಿತು. ಪ್ರೊಸೆಸರಿಗೆ ಹೋಗುವ ವೋಲ್ಟೇಜನ್ನು ಸ್ವಲ್ಪ ಇಳಿಸಿದರೆ ವೇಗ ಕಡಿಮೆಯಾಗದೆ ಶಾಖ ಮಾತ್ರ ಇಳಿಯುತ್ತದೆ ಎಂಬುದು. ಸರ್ಕಾರಿ ಶಾಲೆಯ ಸಮವಸ್ತ್ರವನ್ನು ದಪ್ಪನೆಯ ಹುಡುಗನ ಅಳತೆಗೇ ಹೊಲಿಸಿದಂತೆ, ತಯಾರಿಸುವವರು ಅತಿ ದುರ್ಬಲ ಚಿಪ್ಪೂ ಓಡಲಿ ಎಂದು ಎಲ್ಲಕ್ಕೂ ಒಂದಿಷ್ಟು ವೋಲ್ಟೇಜು ಹೆಚ್ಚಿಗೇ ಗೊತ್ತುಮಾಡಿರುತ್ತಾರೆ. ಬಹಳ ಚಿಪ್ಪುಗಳಿಗೆ ಅಷ್ಟು ಬೇಕಾಗಿರುವುದಿಲ್ಲ. ಈಚಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಅದನ್ನು ಮುಟ್ಟಲು ಬಿಡುವುದಿಲ್ಲ. ಇವಳದು ಹಳೆಯದು, ಬಿಡುತ್ತಿತ್ತು.

ಎರಡನೇ ಪಾಳಿಗೆ ಹೊರಡಲಿದ್ದ ಪ್ರೇಮ್‌ಕುಮಾರನಿಗೆ ಇದನ್ನು ಹೇಳಿದಾಗ ಅವನು ಬೈಕಿನಿಂದ ಇಳಿದೇ ಬಿಟ್ಟ.

"ವೋಲ್ಟೇಜ್ ಇಳಿಸ್ತೀಯಾ? ನಿಮ್ಮಪ್ಪನ ಮೋಟ್ರು ಎಷ್ಟ್ ಸಲ ಸುಟ್ಟೋಯ್ತು ಲೋ ವೋಲ್ಟೇಜ್‌ಗೆ, ಮರ್ತೋಯ್ತಾ?"

ಅವನ ಭಯ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಕಬಿನಿ, ಕಾವೇರಿ ಬಯಲಿನ ರೈತರ ಮನೆಯಲ್ಲಿ ಲೋ ವೋಲ್ಟೇಜು ಅಂದರೆ ಮಕ್ಕಳೂ ಬೆಚ್ಚುತ್ತಾರೆ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪು ಹಾಕುತ್ತಾರೆ, ಬಲ್ಬು ಹಣ್ಣಾಗುತ್ತದೆ, ಮೋಟರು ಗೊರಗುಟ್ಟಿ ಹೊಗೆ ಬರುತ್ತದೆ. ಯಶೋಧರಾ ಗಂಡನನ್ನು ಕೂರಿಸಿ ಬಿಡಿಸಿ ಹೇಳಿದಳು. ಮೋಟರಿನ ತಲೆಯ ಮೇಲೆ ನೀರೆತ್ತುವ ಹೊರೆ ಇದ್ದೇ ಇರುತ್ತದೆ; ವೋಲ್ಟೇಜು ಇಳಿದರೆ ಅದು ಹಟಕ್ಕೆ ಬಿದ್ದು ಹೆಚ್ಚು ಕರೆಂಟು ಎಳೆದುಕೊಂಡು ಕಾದು ಸುಡುತ್ತದೆ. ಚಿಪ್ಪಿಗೆ ಆ ಹಟವಿಲ್ಲ. ಕಡಿಮೆ ಕೊಟ್ಟರೆ ಕಡಿಮೆ ಕಾಯುತ್ತದೆ. ತೀರಾ ಕಡಿಮೆಯಾದರೆ ಲೆಕ್ಕ ತಪ್ಪಿ ನಿಂತುಬಿಡುತ್ತದೆ, ಸುಡುವುದಿಲ್ಲ. ಪ್ರೇಮ್‌ಕುಮಾರ್ ಅದು ಸರಿಯಿರಬಹುದು ಎಂದು ಒಪ್ಪಿದ. ಆದರೆ ದಾರಿಯಲ್ಲಿ ಹೆಂಡತಿಯ ಅಪ್ಪ ಕೃಷ್ಣನಿಗೆ ಒಂದು ಫೋನು ಮಾಡಿ, ಮಗಳು ವೋಲ್ಟೇಜು ಇಳಿಸುತ್ತಿದ್ದಾಳೆ ಎಂದು ಹೇಳಿಯೇ ಕಾರ್ಖಾನೆಯ ಗೇಟು ದಾಟಿದ.

ಇತ್ತ ಅವಳು ಮೊದಲು ಇಡೀ ಮದುವೆಯನ್ನು ಬೇರೊಂದು ಡಿಸ್ಕಿಗೆ ಹಾಕಿ ಬೀಗ ಹಾಕಿಟ್ಟಳು. ವೋಲ್ಟೇಜು ಇಳಿಸುವ ಪುಟ್ಟ ತಂತ್ರಾಂಶ ತೆರೆದಳು. ಅದರಲ್ಲಿ ಒಂದು ಎಚ್ಚರಿಕೆಯಿತ್ತು: ಪರೀಕ್ಷೆ ಮುಗಿಯುವವರೆಗೆ ಈ ಬದಲಾವಣೆಯನ್ನು ಕಾಯಂ ಮಾಡಬೇಡಿ. ಆ ಎಚ್ಚರಿಕೆಯನ್ನು ಅವಳು ಪಾಲಿಸಿದಳು, ಪುಣ್ಯ. ಸ್ವಲ್ಪ ಸ್ವಲ್ಪವೇ ಇಳಿಸಿ ಎಂಬ ಇನ್ನೊಂದು ಮಾತನ್ನು ಪಾಲಿಸಲಿಲ್ಲ. ಬುಧವಾರ ಕುತ್ತಿಗೆಗೆ ಬಂದು ಕೂತಿರುವಾಗ ಯಾರಿಗೆ ಸ್ವಲ್ಪ ಸ್ವಲ್ಪ ಮಾಡುವ ತಾಳ್ಮೆ? ತಂತ್ರಾಂಶದಲ್ಲಿದ್ದ ವೋಲ್ಟೇಜಿನ ಗುಂಡಿಯನ್ನು ಒಂದೇ ಏಟಿಗೆ ದೂರ ಎಳೆದಳು. ಪರದೆ ಅಲ್ಲೇ ಹೆಪ್ಪುಗಟ್ಟಿತು. ಮೌಸು ಅಲುಗಲಿಲ್ಲ. ಮೋಟರು ಸುಟ್ಟ ವಾಸನೆ ಬಂತೇನೋ ಎಂದು ಲ್ಯಾಪ್‌ಟಾಪನ್ನು ಮೂಸಿಯೂ ನೋಡಿದಳು. ಬಟನ್ನು ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿದಾಗ ಅದು ಏನೂ ಆಗದಂತೆ ಎದ್ದು ಕೂತಿತು. ಕಾಯಂ ಮಾಡಿರಲಿಲ್ಲವಾದ್ದರಿಂದ ಹಳೆಯ ವೋಲ್ಟೇಜಿಗೇ ಮರಳಿತ್ತು.

ಮಂಗಳವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ನರಸೀಪುರದ ಬಸ್ಸಿನ ಕಂಡಕ್ಟರು ಗೋಣಿಚೀಲದಲ್ಲಿ ಸುತ್ತಿದ ಭಾರದ ವಸ್ತುವೊಂದನ್ನು ತಂದಿಳಿಸಿದ. ಬಿಚ್ಚಿ ನೋಡಿದರೆ ತವರುಮನೆಯ ಸ್ಟೆಬಿಲೈಸರ್. ಹಿಂದೆಯೇ ಅಪ್ಪನ ಫೋನು.

"ಅದ್ರೊಳಿಕ್ಕೆ ಸಿಗ್ಸು ಕಣವ್ವ. ವೋಲ್ಟೇಜ್ ಎಷ್ಟಾದ್ರೂ ಬೀಳ್ಲಿ, ಎತ್ಕೊಡ್ತದೆ."

ತಾನೇ ಬೇಕೆಂದು ಇಳಿಸುತ್ತಿರುವುದನ್ನು ಎತ್ತಿಕೊಡುವ ಯಂತ್ರವನ್ನು ಅಪ್ಪ ಇಷ್ಟು ದೂರ ಕಳಿಸಿದ್ದಾನೆ. ಅವಳಿಗೆ ನಗು ತಡೆಯಲಾಗಲಿಲ್ಲ. ಮನೆಯ ಫ್ರಿಜ್ಜಿಗೆ ಹಾಕಿದ್ದನ್ನು ಕಿತ್ತು ಕಳಿಸಿರಬೇಕು, ಮೂರು ದಿನದ ಹಾಲು ಒಡೆದುಹೋಗಿರುತ್ತದೆ ಎಂದು ನೆನೆದು ಕಣ್ಣೂ ತುಂಬಿತು. "ಸರಿ ಕಣಪ್ಪ, ಇದ್ರ ಮೇಲೇ ಇಟ್ಕೊಂಡು ಮಾಡ್ತೀನಿ" ಅಂದಳು. ಮಾತಿಗೆ ತಪ್ಪಲಿಲ್ಲ. ಸ್ಟೆಬಿಲೈಸರನ್ನು ಮೇಜಿನ ಮೇಲಿಟ್ಟು, ಲ್ಯಾಪ್‌ಟಾಪಿನ ಹಿಂಬದಿಯನ್ನು ಅದರ ಮೇಲೆ ಏರಿಸಿ ಅಡಿಯಲ್ಲಿ ಗಾಳಿಯಾಡುವಂತೆ ಮಾಡಿದಳು.

ಅಂದು ಅವಳು ಅವಸರ ಮಾಡಲಿಲ್ಲ. ಅನ್ನ ಕುದಿ ಬಂದ ಮೇಲೆ ಉರಿ ತಗ್ಗಿಸುವ ಹಾಗೆ ಒಂದಿಷ್ಟೇ ಇಳಿಸುವುದು, ಪ್ರೊಸೆಸರಿಗೆ ಬೆವರಿಳಿಸುವ ಪರೀಕ್ಷೆಯೊಂದನ್ನು ಓಡಿಸುವುದು, ಶಾಖದ ಅಂಕಿ ನೋಡುವುದು, ಮತ್ತೆ ಒಂದಿಷ್ಟು ಇಳಿಸುವುದು. ತೊಂಬತ್ತು ಡಿಗ್ರಿ ದಾಟಿ ಆಫ್ ಆಗುತ್ತಿದ್ದದ್ದು ಮೆಲ್ಲಗೆ ಎಂಬತ್ತರ ಆಸುಪಾಸಿಗೆ ಬಂತು. ಫ್ಯಾನಿನ ಅರಚಾಟ ಗುಯ್‌ಗುಡುವಿಕೆಗೆ ಇಳಿಯಿತು. ಒಂದು ಕಡೆ ಹೋಗಿ ಮತ್ತೆ ಹೆಪ್ಪುಗಟ್ಟಿದಾಗ ಒಂದು ಮೆಟ್ಟಿಲು ಮೇಲಕ್ಕೆ ಬಂದಳು. ಪರೀಕ್ಷೆ ಪಾಸಾಯಿತು. ಇನ್ನೇನು ಗೆದ್ದೆ ಎಂದು ಮಾವನ ತುಣುಕನ್ನು ಮಾತ್ರ ಮೊದಲು ಫೈಲಾಗಿ ತೆಗೆದು ನೋಡಿದಳು.

ಮಾವ ಬಂದ. ಮಲ್ಲಿಗೆ ಸುರಿಯಿತು. ನಡುವೆ ಒಂದು ಗಳಿಗೆ ಅವನ ಮುಖದ ಮೇಲೆ ಹಸಿರು ಪಟ್ಟಿಯೊಂದು ಎಳೆದಂತೆ ಬಂದು ಹೋಯಿತು.

ಲ್ಯಾಪ್‌ಟಾಪು ನಿಂತಿರಲಿಲ್ಲ, ಲೆಕ್ಕ ಮಾತ್ರ ತಪ್ಪಿತ್ತು. ಹತ್ತು ವರ್ಷದ ಮೇಲೆ ಪಂಕ್ತಿಯ ಮುಂದೆ ಕಾಣಿಸಿಕೊಳ್ಳುವ ಮುಖಕ್ಕೆ ಹಸಿರು ಬಳಿದರೆ ಕತ್ತರಿಸಿದ್ದಕ್ಕಿಂತ ಕೆಟ್ಟದ್ದಾಗುತ್ತಿತ್ತು. ನಡೆಯಿತಲ್ಲ ಎಂದು ಅಂಚಿನ ಮೇಲೆ ನಿಂತರೆ ಹೀಗೇ ಆಗುವುದು ಎಂದು ಅವಳಿಗೆ ಅರ್ಥವಾಯಿತು. ಇನ್ನೂ ಒಂದೆರಡು ಮೆಟ್ಟಿಲು ಮೇಲೆ ಬಂದಳು. ಶಾಖ ತುಸು ಏರಿತು, ಏರಲಿ ಎಂದುಕೊಂಡಳು. ಈ ಸಲ ಪರೀಕ್ಷೆಯನ್ನು ಊಟದ ಹೊತ್ತು ಮೀರುವವರೆಗೆ ಓಡಿಸಿ, ಮಾವನ ತುಣುಕನ್ನು ಮತ್ತೆ ತೆಗೆದು ಒಂದೊಂದು ಚಿತ್ರವಾಗಿ ದಾಟಿಸುತ್ತಾ ನೋಡಿದಳು. ಕಲೆಯಿರಲಿಲ್ಲ. ಆಮೇಲೇ ಇಡೀ ಮದುವೆಯನ್ನು ಕೊಟ್ಟದ್ದು. ಶೀಟು ಕಾದು ಚಟಚಟ ಅನ್ನುತ್ತಿದ್ದ ಆ ಮಧ್ಯಾಹ್ನ ಅರಿಸಿನ, ಬಳೆ, ಮಾವ, ಪಂಚಶೀಲ, ತಾಳಿ, ಅಕ್ಷತೆ, ಎಲ್ಲವೂ ಒಂದರ ಹಿಂದೆ ಒಂದು ಸರಾಗವಾಗಿ ಸಾಗಿದವು. ಪಾಳಿಯ ನಡುವೆ ಪ್ರೇಮ್‌ಕುಮಾರ್ ಫೋನು ಮಾಡಿ, "ಹೊಗೆ ಗಿಗೆ?" ಎಂದು ಕೇಳಿದ. "ಮಲ್ಲಿಗೆ ವಾಸ್ನೆ ಬತ್ತಾಯ್ತೆ" ಎಂದಳು.

ಬುಧವಾರ ತವರಿನ ಅಂಗಳದಲ್ಲಿ ಪೆಂಡಾಲು. ಮೊದಲ ಪಂಕ್ತಿಯಲ್ಲಿ ಬೀಗರು, ಅವರ ಎದುರು ಸಾಲಿನಲ್ಲಿ ಚಿಕ್ಕಮಾದು. ಎಲೆಯ ಮೇಲೆ ಮುದ್ದೆ ಬಿತ್ತು, ಸಾರು ಬಿತ್ತು. ಅವನು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಟಿವಿಯನ್ನೇ ನೋಡುತ್ತಾ ಕೂತ. ಅಕ್ಕಪಕ್ಕದವರು ಉಣ್ಣುತ್ತಾ ಓರೆಗಣ್ಣಲ್ಲಿ ಅವನನ್ನೇ ನೋಡುತ್ತಿದ್ದರು. ಸಾರಿನ ಬಕೆಟ್ಟು ಹಿಡಿದ ಕೃಷ್ಣ ಆ ಸಾಲಿಗೆ ಬರಲು ಧೈರ್ಯವಿಲ್ಲದೆ ಬೀಗರಿಗೇ ಮತ್ತೆ ಮತ್ತೆ ಬಡಿಸುತ್ತಿದ್ದ. ಮರಿತಾಯಮ್ಮ ಅಡುಗೆಯ ಕಡೆಯಿಂದ ಹೊರಗೇ ಬರಲಿಲ್ಲ. ಟಿವಿಯ ಪಕ್ಕ ನಿಂತ ಯಶೋಧರಾ ಅದರ ವೈರು ಸರಿಯಾಗಿ ಸಿಕ್ಕಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ನಿನ್ನೆ ಸಂಜೆ ಎರಡು ಸಲ ಪೂರ್ತಿ ನೋಡಿದ್ದರೂ, ಈ ಟಿವಿ ಎಲ್ಲಿ ಮುನಿಸಿಕೊಳ್ಳುತ್ತದೋ ಎಂಬ ಹೆದರಿಕೆ.

ಬಳೆ ಶಾಸ್ತ್ರ ಮುಗಿಯಿತು. ಕೋಣೆಯ ಬಾಗಿಲು ತೆರೆಯಿತು. ಬಿಂದುಶ್ರೀಯ ಕೈ ಹಿಡಿದು ಚಿಕ್ಕಮಾದು ಹೊರಗೆ ಬಂದ.

ನಿಧಾನವಾಗಿ ಬಂದ. ಮೇಲಿನಿಂದ ಮಲ್ಲಿಗೆ ಉದುರುತ್ತಿತ್ತು. ಪೆಂಡಾಲಿನಲ್ಲಿ ಉಣ್ಣುವ ಸದ್ದು ನಿಂತಿತು. ಮಸುಕಾದ ಜನರ ನಡುವೆ ಅವನ ಮುಖವೊಂದೇ ಸ್ಪಷ್ಟವಾಗಿ ಹತ್ತಿರವಾಗುತ್ತಾ ಬಂದು ಪರದೆಯ ತುಂಬ ನಿಂತಾಗ, ಆ ಕೆನ್ನೆಯ ಮೇಲೆ ನೀರು ಹರಿಯುತ್ತಿರುವುದು ಎಲ್ಲರಿಗೂ ಕಂಡಿತು. ಮದುವೆಯ ದಿನ ಅದನ್ನು ಯಾರೂ ಗಮನಿಸಿರಲಿಲ್ಲ. ಅವನು ಯಾರ ಮುಖವನ್ನೂ ನೋಡದೆ ನಡೆದದ್ದು ಸಿಟ್ಟಿಗೆ ಎಂದೇ ಎಲ್ಲರೂ ತಿಳಿದಿದ್ದರು.

ಚಿಕ್ಕಮಾದು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಗಂಟಲು ಸರಿಮಾಡಿಕೊಂಡು, ಹತ್ತು ವರ್ಷದ ಮೇಲೆ ಮೊದಲ ಸಲ ಭಾವನ ಕಡೆ ತಿರುಗಿ ಮಾತಾಡಿದ.

"ಇದ್ಯಾಕ್ ಬಾವ, ನಾ ಅಳೋದ ಇಂಗ್ ಆಕ್ಸಿದ್ದೀಯ? ಇದ ಕತ್ತರ್‌ಸ್ಬೋದಾಗಿತ್ತಲ್ಲ."

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಬೀಗರಿಗೆ ಏನೂ ಗೊತ್ತಿಲ್ಲದಿದ್ದರೂ ಅವರೂ ನಕ್ಕರು. ಕೃಷ್ಣ ಬಕೆಟ್ಟು ಹಿಡಿದುಕೊಂಡು ಓಡಿಬಂದು, "ನಿನ್ನ ಸೊಸೇನೇ ಕೇಳ್ಕೊ. ಕತ್ರಿ ಅವಳ ಕೈಲಿರೋದು" ಎನ್ನುತ್ತಾ ತುಂಡುಗಳನ್ನು ಆರಿಸಿ ಆರಿಸಿ ಅವನ ಎಲೆಗೆ ಹಾಕಿದ. ಸಾಕು ಎಂದು ಚಿಕ್ಕಮಾದು ಕೈ ಅಡ್ಡ ಹಿಡಿದ ಮೇಲೂ ಹಾಕಿದ. ಚಿಕ್ಕಮಾದು ಮುದ್ದೆ ಮುರಿದ. ಅಡುಗೆಯ ಕಡೆಯಿಂದ ಮರಿತಾಯಮ್ಮ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾ ಬಂದು ತಮ್ಮನ ಎದುರು ನಿಂತುಕೊಂಡು, ಉಪ್ಪು ಬಡಿಸಿ ಹೋದಳು.

ಅವನು ಪಕ್ಕದವನನ್ನು ಸರಿಸಿ ಯಶೋಧರಾಳಿಗೆ ಜಾಗ ಮಾಡಿದ. ಎಲೆ ಹಾಕಿಸಿದ. ಅವಳು ಕೂತ ಮೇಲೆ ಒಂದೆರಡು ತುತ್ತು ನುಂಗಿದ. ಆಮೇಲೆ ಟಿವಿಯ ಕಡೆಯೇ ನೋಡುತ್ತಾ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ.

"ನಿನ್ ಮದುವೇಲಿ ಇದ್ಕಿಂತ ಜಾಸ್ತಿ ಅತ್ತಿದ್ದೆ ಕಣವ್ವ. ಒಬ್ರೂ ನೋಡ್ನಿಲ್ಲ."

ಹತ್ತು ವರ್ಷ ಅವನನ್ನು ಸುಟ್ಟದ್ದು ಏನೆಂದು ಅವಳಿಗೆ ಆಗ ತಿಳಿಯಿತು. ನಗುವೂ ಬಂತು, ಅಳುವೂ ಬಂತು, ಎರಡನ್ನೂ ಅವಳು ತಡೆಯಲಿಲ್ಲ.

"ನಾನ್ ನೋಡಿದ್ದೆ ಮಾವ" ಎಂದಳು. "ಕೈ ನಡುಗ್ತಿತ್ತು ನಿಂದು. ಅದ್ಕೇ ಗಟ್ಟಿಯಾಗ್ ಇಡ್ಕೊಂಡಿದ್ದೆ."

ಚಿಕ್ಕಮಾದು ಅವಳನ್ನೇ ನೋಡಿದ. "ಅಂಗಾದ್ರೆ ಸಾಕ್ ಬುಡು" ಎಂದು, ತನ್ನ ಎಲೆಯಿಂದ ಒಳ್ಳೆಯದೊಂದು ತುಂಡು ಎತ್ತಿ ಅವಳ ಎಲೆಗೆ ಹಾಕಿದ.